ಒಂದಲ್ಲ, ಏಳು

ಪೋರ್ತೊ ಊರಲ್ಲಿ, ಹೊಳೆಗಿಳಿಯುವ ಕಡಿದಾದ ಓಣಿಯಲ್ಲಿ
ನನ್ನದೊಂದು ಗುಂಡಿ ಅಂಗಡಿ.
ಮೂರು ಸಾವಿರ ಚಿಲ್ಲರೆ ಪುಟ್ಟ ಖಾನೆ,
ಒಂದೊಂದರ ಎದೆಗೂ ಒಂದೊಂದು ಗುಂಡಿ ಹೊಲಿದಿದೆ,
ಒಳಗೇನಿದೆ ಎಂದು ಹೇಳಲು.
ಓದು ಬಾರದವರೂ ಓದಬಲ್ಲ ಅಂಗಡಿ ಇದು
ಎನ್ನುತ್ತಿದ್ದ ನಮ್ಮಪ್ಪ.

ಈಗ ಜನ ಬೀದಿ ನೋಡಿ ಬರುವುದಿಲ್ಲ,
ಅಂಗೈ ನೋಡಿಕೊಂಡು ಬರುತ್ತಾರೆ.
ಹನ್ನೊಂದಾದರೂ ಬೋಣಿಯಿಲ್ಲ.
ಕತ್ತರಿಗೆ ಎಣ್ಣೆ ಬಿಡುತ್ತೇನೆ, ಒರೆಸುತ್ತೇನೆ,
ಮತ್ತೆ ಬಿಡುತ್ತೇನೆ.

ವೆಬ್‌ಸೈಟು ಇತ್ತು, ಇಲ್ಲವೆಂದಲ್ಲ.
ನಾಲ್ಕು ವರ್ಷದ ಹಿಂದೆ ಯಾರೋ ಕಟ್ಟಿಕೊಟ್ಟು
ಇನ್ನೂರು ಯೂರೊ ಎಣಿಸಿಕೊಂಡು ಹೋದ.
ಅದರ ಹಣೆಯ ಮೇಲೆ ನಗುವ ಹೆಂಗಸು,
ಯಾರ ಮನೆಯವಳೋ,
ಅವಳ ಅಂಗಿಗೆ ಗುಂಡಿಯೇ ಇಲ್ಲ, ಜಿಪ್ಪು.
ಕೆಳಗೆ: "ಗುಣಮಟ್ಟವೇ ಧ್ಯೇಯ, ನಾಳೆಯತ್ತ ನಮ್ಮ ನಡೆ."
ನಾಳೆಗೂ ಗುಂಡಿಗೂ ಏನು ಸಂಬಂಧ?
ಗುಂಡಿ ಉದುರುವುದು ನಿನ್ನೆ.

ತಂಗಿಯ ಮೊಮ್ಮಗಳು ಈರಿಯಾ, ಹತ್ತೊಂಬತ್ತು,
ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂತು ಕೇಳಿದಳು:
"ಬಾಗಿಲು ತಳ್ಳಿದವರ ಮೊದಲ ಮಾತೇನು?"
ನಮಸ್ಕಾರ, ಎಂದೆ.
"ಅದರ ನಂತರ?"

ಅದರ ನಂತರ,
ಐದರಲ್ಲಿ ಒಂದು ಹೋಯಿತು, ನಾಲ್ಕು ಉಳಿದಿವೆ.
ನಾಯಿ ಕಚ್ಚಿತು, ನೋಡಿ ಹಲ್ಲಿನ ಗುರುತು.
ಗಂಡನದು, ಅವನಿಗೆ ಗೊತ್ತಾಗಬಾರದು.
ಶನಿವಾರ ಮದುವೆ. ಈ ಹಸಿರಲ್ಲ, ಆ ಹಸಿರು.

ಬರೆದುಕೊಂಡಳು, ನಾನು ಹೇಳಿದ ಹಾಗೇ.
ನಗುವ ಹೆಂಗಸನ್ನು ಅಳಿಸಿದಳು;
ಪಾಪ, ಹೊರಟಾಗಲೂ ನಗುತ್ತಲೇ ಇದ್ದಳು.
ಅವಳ ಜಾಗಕ್ಕೆ ನನ್ನ ಖಾನೆಗಳು ಬಂದವು,
ಬೆಳಗಿನ ಓರೆ ಬಿಸಿಲಲ್ಲಿ.
ಮೇಲೆ ಒಂದು ಸಾಲು:
"ಗುಂಡಿ ಕಳೆದಿದೆಯೆ? ಉಳಿದದ್ದರ ಪಕ್ಕ ನಾಣ್ಯವಿಟ್ಟು ಚಿತ್ರ ಕಳಿಸಿ."
ಮಧ್ಯಾಹ್ನ ಒಂದರಿಂದ ಮೂರು ಮುಚ್ಚಿದೆ, ಅದನ್ನೂ ಹಾಕಿಸಿದೆ.
ಸುಳ್ಳು ಯಾಕೆ, ಊಟ ನಿದ್ದೆ ಯಾರಿಗೆ ಬೇಡ.

ಆಮೇಲೆ ಅವಳ ಬೆರಳು ಫೋನ್ ನಂಬರಿನ ಮೇಲೆ ನಿಂತಿತು.
"ಕೊನೆಯ ಅಂಕಿ ಒಂದೇ?"
ಒಂದಲ್ಲ, ಏಳು.
ನನ್ನ ಕೈಬರಹದ ಏಳು,
ಹೊಟ್ಟೆಯ ಅಡ್ಡಗೀಟು ಮರೆತ ಏಳು.
ಗುಂಡಿ ಮಾರುವವಳ ಗುಂಡಿಗೆ ಧಸಕ್ಕೆಂದಿತು.
ಹಾಗಾದರೆ ಜನ ಕರೆದಿದ್ದರು.
ನಾಲ್ಕು ವರ್ಷ ಯಾರದೋ ಮನೆಯಲ್ಲಿ
ನನ್ನ ಅಂಗಡಿ ರಿಂಗಾಗುತ್ತಿತ್ತು.

ತಿದ್ದಿದೆವು. ಚಿತ್ರಗಳು ಬರತೊಡಗಿದವು:
ಬ್ರಾಗಾದಿಂದ ಕೊಂಬಿನ ಗುಂಡಿ,
ದ್ವೀಪದಿಂದ ನಾವಿಕನೊಬ್ಬನ ಹಿತ್ತಾಳೆ.
ನಾಣ್ಯದ ಬದಲು ಬಿಸ್ಕತ್ತು ಇಟ್ಟವನೂ ಇದ್ದಾನೆ,
ಅಳತೆ ಹಿಡಿಯಲು ನಾನೂ ಒಂದು ಪೊಟ್ಟಣ ಕೊಳ್ಳಬೇಕಾಯಿತು.

ಮೂರನೆಯ ಮಂಗಳವಾರ, ಮುಚ್ಚುವ ಹೊತ್ತು,
ಸೇತುವೆ ದಾಟಿ ಗಾಯಾದಿಂದ ನಡೆದೇ ಬಂದ ಒಬ್ಬ ಮುದುಕ,
ನಿವೃತ್ತ ಬಸ್ ಡ್ರೈವರು, ಹೆಸರು ತೆಯೊತೋನಿಯೊ.
ಗುಂಡಿ ಕೇಳಲಿಲ್ಲ.
"ಅಂಗಡಿ ಮುಚ್ಚಿತೇನೋ ಅಂದುಕೊಂಡೆ," ಎಂದ.
"ಫೋನೇ ಬರುತ್ತಿಲ್ಲ."

ಮೊದಮೊದಲು ರಾಂಗ್ ನಂಬರೆಂದು ಕುಕ್ಕಿದನಂತೆ.
ಒಂದು ದಿನ ಬಂದು, ಒಳಗೆ ಕಾಲಿಡದೆ,
ಬಾಗಿಲ ಬೋರ್ಡು ಓದಿಕೊಂಡು ಹೋದನಂತೆ.
ಆಮೇಲೆ ಕರೆದವರಿಗೆಲ್ಲ,
ಹತ್ತಕ್ಕೆ ತೆಗೆಯುತ್ತಾಳೆ, ಮಧ್ಯಾಹ್ನ ಹೋಗಬೇಡಿ,
ಚರ್ಚಿನ ಬಲಕ್ಕೆ ಇಳಿಯಿರಿ, ಮೆಟ್ಟಿಲು ಜಾರುತ್ತದೆ, ಜೋಕೆ.
ಇತ್ತ ಕಾಜ, ಅತ್ತ ಗುಂಡಿ, ನಡುವೆ ಹೊಳೆ;
ಇವನು ದಾರ.

ಒಂದು ಮಾತು ಹೇಳಬಹುದಿತ್ತಲ್ಲ, ಎಂದೆ.
ಟೊಪ್ಪಿಯನ್ನು ಕೈಯಲ್ಲೇ ತಿರುವಿದ.
"ಹೇಳಿದ್ದರೆ ನೀವು ಸರಿಮಾಡಿಬಿಡುತ್ತಿದ್ದಿರಿ."

ಈರಿಯಾ ಆ ರಾತ್ರಿ ಇನ್ನೊಂದು ಸಾಲು ಸೇರಿಸಿದಳು,
ಏಳರ ಕೆಳಗೆ ಒಂದು:
"ಮಧ್ಯಾಹ್ನ ಒಂದರಿಂದ ಮೂರರವರೆಗೆ ಈ ನಂಬರಿಗೆ ಕರೆಯಿರಿ."
ನಾನು ಮಲಗುತ್ತೇನೆ. ಹೊಳೆಯಾಚೆ ಅಂಗಡಿ ತೆರೆದಿರುತ್ತದೆ.
ಮೊನ್ನೆ ನನ್ನನ್ನು ಕೇಳದೆ
ಯಾರಿಗೋ ರಿಯಾಯಿತಿ ಬೇರೆ ಒಪ್ಪಿದ್ದಾನೆ.