ದಾರದ ಅಳತೆ

ಮೊದಲು ತಲೆ ಅಳೆಯಬೇಕು, ಅಂದೆ.
ಬಲೆ ಹೆಣೆಯುವ ದಾರ, ನನ್ನಪ್ಪನ ಪೆಟ್ಟಿಗೆಯದು,
ಇನ್ನೂ ಡಾಂಬರಿನ ವಾಸನೆ ಬಿಟ್ಟಿಲ್ಲ.
ಮಾರ್ವೆನ್‌ಳ ಹಣೆಗೆ ಸುತ್ತಿ, ಕಿವಿಯ ಮೇಲಿಂದ ತಂದು,
ಗಂಟು ಹಾಕದೆ, ಬೆರಳಲ್ಲೇ ಹಿಡಿದು
ಐವತ್ತೆರಡು, ಅಂದೆ.
ನಂದು ಅವಳಿಗಿಂತ ದೊಡ್ಡದು, ಅಂದ ತಮ್ಮ ಇನ್ನಿಸ್.
ನಲವತ್ತೊಂಬತ್ತು ಇತ್ತು.
ಐವತ್ಮೂರು ಅಂತ ಸುಳ್ಳು ಬರೆದುಕೊಂಡೆ.

ಹಳೆಯ ಐಸ್ ಗೋದಾಮೇ ಈಗ ನಮ್ಮ ಗ್ರಂಥಾಲಯ,
ಕಿಟಕಿ ತೆಗೆದರೆ ಬಂದರು.
ಅಕ್ಟೋಬರಿನ ಕೊನೆಯ ಶನಿವಾರ,
ಫೈಫ್ ತೀರದ ಬೆಳಕು ಆಗಲೇ ಅಂಗಡಿ ಮುಚ್ಚುವ ಅವಸರದಲ್ಲಿ.
ಮೇಜಿನ ಮೇಲೆ ಕಪ್ಪು ರಟ್ಟು ಆರು ಹಾಳೆ,
ಮೊಂಡು ಕತ್ತರಿ ನಾಲ್ಕು,
ಗೋಂದು ಎರಡು ಬಾಟಲಿ, ಒಂದರ ಮೂತಿ ಕಟ್ಟಿಕೊಂಡಿದೆ.
ಕಿಟಕಿಯಲ್ಲಿ ಕೊರೆದಿಟ್ಟ ಟರ್ನಿಪ್ ಗಡ್ಡೆ ಹಲ್ಲು ಕಿರಿದು
ತನ್ನೊಳಗಿನ ಮೇಣದಬತ್ತಿಗೆ ತಾನೇ ಬೇಯುತ್ತಿದೆ.

ವೃತ್ತ ಬರೀರಿ. ನಡುವಿನ ಚುಕ್ಕಿಯವರೆಗೆ ಒಂದೇ ಸೀಳು.
ಈ ಅಂಚನ್ನು ಆ ಅಂಚಿನ ಮೇಲೆ ಮೆಲ್ಲಗೆ ಎಳೀರಿ,
ಹ್ಞಾಂ, ಹಾಗೇ.
ಚಪ್ಪಟೆ ಮಲಗಿದ್ದದ್ದು ಎದ್ದು ಕೂತಿತು ನೋಡಿ.
ಮಾಟ ಇಷ್ಟೇ. ಉಳಿದದ್ದೆಲ್ಲ ಗೋಂದು.

ಹಬ್ಬದ ರಾತ್ರಿ ಮನೆಮನೆಯ ಬಾಗಿಲು ಬಡಿದು
ಒಂದು ಪದ್ಯ ಒಪ್ಪಿಸಿದರೆ ಒಂದು ಹಿಡಿ ಕಡಲೆಕಾಯಿ.
ಇನ್ನಿಸ್‌ಗೆ ಪದ್ಯ ಬಾಯಿಗೆ ಬಂದಿಲ್ಲ.
ಮೀನಿನ ಜೋಕೊಂದು ಗೊತ್ತು,
ಅದರ ಕೊನೆ ಮರೆತಿದ್ದಾನೆ.

ಏಡಿ ಕಾರ್ಖಾನೆಗೆ ಕೆಲಸಕ್ಕೆ ಬಂದವರ ಮಗಳು ಕಲೀನಾ,
ಊರಿಗೆ ಹೊಸಬಳು, ಕತ್ತರಿ ಕೆಳಗಿಟ್ಟು ಕೇಳಿದಳು:
ಈ ಊರಲ್ಲಿ ನಿಜವಾದ ಮಾಟಗಾತಿ ಇದ್ದಳಾ?
ಟೋಪಿ ಎಷ್ಟು ಎತ್ತರ ಇತ್ತು?

ಹಾಗಂತ ಕರೆಸಿಕೊಂಡವಳು ಒಬ್ಬಳಿದ್ದಳು, ಅಂದೆ. ಎಫಿ ಲಂಡಿ.
ಮೀನು ಸೀಳಿ ಉಪ್ಪು ಹಾಕುತ್ತಿದ್ದಳು.
ತಲೆಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು,
ಈ ಬೀದಿಯ ಎಲ್ಲ ಹೆಂಗಸರ ಹಾಗೆ.
ಚೂಪು ಟೋಪಿ, ಚಿತ್ರದ ಪುಸ್ತಕಗಳು ಆಮೇಲೆ ಹಾಕಿದ್ದು.
ಅದಕ್ಕೂ ಮೊದಲೇ ಊರು ಅವಳಿಗೆ
ಬೇರೆ ಥರದ ಟೋಪಿ ಹಾಕಿತ್ತು.

ಇಷ್ಟು ಹೇಳಿ ಗೋಂದಿನ ಬಾಟಲಿ ಕುಲುಕಿದೆ.
ಹೇಳದೆ ಬಿಟ್ಟದ್ದು ಮೇಲಿನ ಕಪಾಟಿನಲ್ಲಿದೆ,
ಚರ್ಚಿನ ಲೆಕ್ಕದ ಪುಸ್ತಕದ ನಕಲು:
ಕಲ್ಲಿದ್ದಲು, ಹತ್ತು ಹೊರೆ.
ಡಾಂಬರಿನ ಪೀಪಾಯಿ, ಎರಡು.
ಹಗ್ಗ. ಅಳತೆ ಬರೆದಿಲ್ಲ.
ಬರೆದವನ ಅಕ್ಷರ ದುಂಡಗೆ, ಮುದ್ದಾಗಿವೆ.
ಮೊತ್ತವೂ ಸರಿಯಾಗಿದೆ,
ನಾನೇ ಎರಡು ಸಲ ಕೂಡಿಸಿ ನೋಡಿದ್ದೇನೆ.

ಹಾಗಾದರೆ ಅವಳಿಗೂ ಒಂದು ಮಾಡೋಣ, ಅಂದಳು ಕಲೀನಾ,
ಹಾಳೆ ಇನ್ನೂ ಮಿಕ್ಕಿವೆಯಲ್ಲ.
ಚೂಪಿಲ್ಲದ್ದು, ಬಿಳಿಯದು. ತಲೆ ಎಷ್ಟು?

ಯಾರಿಗೆ ಗೊತ್ತು.
ಮಾರ್ವೆನ್ ನನ್ನ ಕೈಯಿಂದ ದಾರ ಕಸಿದು
ಕುರ್ಚಿ ಹತ್ತಿ
ನನ್ನ ಹಣೆಗೆ ಸುತ್ತಿದಳು.
ಬೆರಳು ತಣ್ಣಗೆ, ಗೋಂದಿನ ಅಂಟು.
ಡಾಂಬರಿನ ವಾಸನೆ ಮೂಗಿಗೆ ಇಷ್ಟು ಹತ್ತಿರ
ಎಂದೂ ಬಂದಿರಲಿಲ್ಲ.
ಅಲ್ಲಾಡಬೇಡಿ, ಅಂದಳು. ಅಲ್ಲಾಡಲಿಲ್ಲ.
ಐವತ್ತಾರು, ಎಂದು ಬರೆದುಕೊಂಡಳು,
ಎಫಿಯ ಹೆಸರಿನ ಮುಂದೆ.

ಅಷ್ಟರಲ್ಲಿ ಇನ್ನಿಸ್‌ನ ಟೋಪಿ ಮುಗಿದಿತ್ತು.
ನನ್ನ ಸುಳ್ಳು ನಾಲ್ಕು ಸೆಂಟಿಮೀಟರು ನೇರ ಅವನ ಮೂಗಿಗಿಳಿಯಿತು.
ಅಂಚು ಕಿತ್ತು ಕೊರಳಪಟ್ಟಿಯಾಯಿತು.
ತುದಿ ಕೂಡಿಕೊಳ್ಳದೆ ಬಟಾಣಿಯಷ್ಟು ತೂತು.
ಮುಚ್ಚಿಕೊಡಲಾ ಅಂದರೆ ಬೇಡವಂತೆ,
ಟೋಪಿ ಉಸಿರಾಡಬೇಕಂತೆ.

ಬಾಗಿಲಿಗೆ ಓಡಿದ. ಟೋಪಿ ತಿರುಗಿಸಿ, ತೂತಿಗೆ ಬಾಯಿಟ್ಟು,
ಬಂದರಿನ ಕಡೆಗೆ, ಸಂಜೆ ಅವನಮ್ಮ ಅವನನ್ನು ಕೂಗುವ ರಾಗದಲ್ಲೇ
ಕೂಗಿದ:
ಎಫೀ... ಕತ್ತಲಾಯ್ತು, ಒಳಗ್ ಬಾ!

ದೋಣಿ ತೊಳೆಯುತ್ತಿದ್ದ ಯಾರೋ ತಲೆ ಎತ್ತಿದರು.
ಬಾಗಿಲು ಹಾಕೋ, ಗಾಳಿಗೆ ಹಾಳೆ ಹಾರ್ತಾವೆ, ಅಂದೆ.
ಅವನು ಹಾಕಲಿಲ್ಲ.
ನಾನೂ ಎದ್ದು ಹೋಗಿ ಹಾಕಲಿಲ್ಲ.