ಅರವತ್ತಮೂರನೇ ಪುಟ

ಉರುಗ್ವೇ ನದಿಯ ದಂಡೆಯ ಪೈಸಾಂದು ಊರಲ್ಲಿ
ನಲವತ್ತೊಂದು ವರ್ಷ ಅಚ್ಚಿನ ಮೊಳೆ ಜೋಡಿಸಿದವನು ನಾನು,
ಎಲಾದಿಯೋ ಬೆಂತಾಂಕೂರ್.
ಸೀಸದಲ್ಲಿ ಅಕ್ಷರ ಯಾವತ್ತೂ ತಿರುಗುಮುರುಗು.
ನನ್ನ ಬೆರಳಿಗೆ ಅದೇ ನೆಟ್ಟಗೆ,
ಕಾಗದದ ಮೇಲಿನದೇ ಉಲ್ಟಾ.

ಆಮೇಲೆ ಗ್ಲಾಕೋಮಾ ಬಂತು,
ಪುಟದ ಅಂಚು ಸವರುವ ಯಂತ್ರದ ಹಾಗೆ
ನಾಲ್ಕೂ ಕಡೆಯಿಂದ ಲೋಕವನ್ನು ಕತ್ತರಿಸುತ್ತಾ.
ನಡುವೆ ಒಂದು ನಾಣ್ಯದಷ್ಟು ಉಳಿದಿತ್ತು.
ಒಂದು ಆಗಸ್ಟಿನಲ್ಲಿ ಅದೂ ಖರ್ಚಾಯಿತು.

ಬ್ರೈಲ್ ಕಲಿಸಲು ಯಾಮಿಲಾ ಬಂದಳು.
"ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು,
ಎಲ್ಲರೂ ಇಲ್ಲೇ ಎಡವುತ್ತಾರೆ" ಅಂದಳು.
ನಾನು ಎಡವಲಿಲ್ಲ.
ಎಡವಿದ್ದು ಓದುವಾಗ:
ಸೀಸ ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಬೆರಳು
ಚುಕ್ಕಿ ಎರಡೋ ಮೂರೋ ಹೇಳಲೊಲ್ಲದು.
ಹೇಳಿದ್ದರೂ ಏನು?
ಊರ ಗ್ರಂಥಾಲಯದಲ್ಲಿ ಇದ್ದದ್ದೇ ಏಳು ಬ್ರೈಲ್ ಪುಸ್ತಕ.
ಮೂರು ಪ್ರಾರ್ಥನೆಯವು, ಒಂದು ಅಡುಗೆಯದು,
ಉಳಿದವೆಲ್ಲ ಎರಡನೆಯ ಸಂಪುಟ.

"ಪುಸ್ತಕ ಈಗ ಫೋನಿಗೇ ಬರುತ್ತವೆ, ಗಡಿ ದಾಟಿಯೂ" ಅಂದಳು ಯಾಮಿಲಾ.
ಹುಡುಕಿದೆವು.
ಒಂದು ಗ್ರಂಥಾಲಯ, ನಿಮ್ಮ ದೇಶಕ್ಕಿಲ್ಲ ಅಂದಿತು.
ಇನ್ನೊಂದರಲ್ಲಿ ಯಾವುದಕ್ಕೂ ಹೆಸರಿಟ್ಟಿರಲಿಲ್ಲ,
ಫೋನು ಓದುತ್ತಾ ಹೋಯಿತು: ಬಟನ್. ಬಟನ್. ಬಟನ್.
ಮಗದೊಂದು ಕೇಳಿತು:
ನೀವು ಯಂತ್ರವಲ್ಲವೆಂದು ತೋರಿಸಲು
ಚಿತ್ರದಲ್ಲಿರುವ ಟ್ರಾಫಿಕ್ ದೀಪಗಳನ್ನು ಮುಟ್ಟಿ.
ಆ ಪ್ರಶ್ನೆಯನ್ನು ನನಗೆ ಓದಿ ಹೇಳಿದ್ದೂ ಒಂದು ಯಂತ್ರವೇ.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಕಡೆಗೆ ಒಂದು ಬಾಗಿಲು ತೆರೆಯಿತು.
ಡಾಕ್ಟರರ ಒಂದು ಚೀಟಿ ಸಾಕಾಯಿತು ಅದಕ್ಕೆ.
ಕಣ್ಣಿಲ್ಲದವರಿಗೆ, ಪುಟ ಮಗುಚಲು ಕೈ ಬಾರದವರಿಗೆ,
ಸಾಲು ಕಂಡೊಡನೆ ಅಕ್ಷರ ಕುಣಿಯತೊಡಗುವವರಿಗೆ
ಅಲ್ಲಿ ಒಂದೇ ಕಪಾಟು.
ಮದ್ರಿದ್ ಕಡೆಯ ಉಚ್ಚಾರದ ಹೆಂಗಸೊಬ್ಬಳು
ರಾತ್ರಿ ಎರಡಕ್ಕೂ ಆಕಳಿಸದೆ ಓದುತ್ತಾಳೆ.
ಸೋರೆಬುರುಡೆಯ ಕಹಿ ಕಷಾಯ ಹೀರುತ್ತಾ ಕೇಳುತ್ತೇನೆ.

ಒಂದು ರಾತ್ರಿ ಸುಮ್ಮನೆ
ನಮ್ಮ ಮುಚ್ಚಿಹೋದ ಅಚ್ಚುಕೂಟದ ಹೆಸರು ಹೇಳಿ ಹುಡುಕಿದೆ.
ಸಿಕ್ಕಿದ್ದು ಒಂದೇ:
ಕಿತ್ತಲೆ ತೋಟದವರಿಗಾಗಿ ಜೇನು ಸಾಕಣೆಯ ಕೈಪಿಡಿ, ಅರವತ್ತೊಂಬತ್ತನೇ ಇಸವಿ.
ಯಾರೋ ಒಂದೊಂದೇ ಪುಟ ಬಿಡಿಸಿ ಸ್ಕ್ಯಾನ್ ಮಾಡಿಟ್ಟಿದ್ದರು.
ಅರವತ್ತಮೂರನೇ ಪುಟದಲ್ಲಿ ಆಕೆ ಗಂಭೀರವಾಗಿ ಓದಿದಳು:
"ಸಂಜೆಯಾಗುತ್ತಲೇ ಕುರಿಗಳು ಹೂವಿನಿಂದ ಹಾರಿ
ಗೂಡಿಗೆ ಮರಳುತ್ತವೆ."

ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಕುರಿಗಳೇ.
ನಮ್ಮ ನುಡಿಯಲ್ಲಿ ಅಬೇಹ ಅಂದರೆ ಜೇನು, ಒವೇಹ ಅಂದರೆ ಕುರಿ.
ಸ್ಕ್ಯಾನಿನ ತಪ್ಪು ಬೇರೆ ಜಾತಿಯದು,
ಅದು ಆಕಾರಕ್ಕೆ ಮೋಸಹೋಗುತ್ತದೆ.
ಇದು ತಲೆ ಬೇರೆಲ್ಲೋ ಇದ್ದವನ ಕೈ.
ಆ ವಾರ ಮಾವನ ಮನೆಯಲ್ಲಿ ಉಣ್ಣೆ ಕತ್ತರಿಸುವ ಕೆಲಸ,
ಹಗಲೆಲ್ಲ ಮೊಳೆ, ಸಂಜೆಯೆಲ್ಲ ಕುರಿ.
ಕರಡು ತಿದ್ದುವ ಅನಕ್ಲೇತೋಗೆ ಹಲ್ಲುನೋವು.
ಐನೂರು ಪ್ರತಿ ಹಾಗೇ ಹೊರಟುಹೋದವು.
ಒಬ್ಬ ಜೇನುಗಾರನೂ ತಕರಾರು ಮಾಡಲಿಲ್ಲ!

ಪುಟದ ಕೆಳಗೆ 'ದೋಷ ತಿಳಿಸಿ' ಎಂಬ ಬಟನ್.
ಇದಕ್ಕೆ ಹೆಸರಿತ್ತು.
ಬರೆದೆ: "ಕೆಳಗಿನಿಂದ ನಾಲ್ಕನೇ ಸಾಲು.
ತಪ್ಪು ನಿಮ್ಮ ಯಂತ್ರದ್ದಲ್ಲ, ನನ್ನದು.
ಐವತ್ತು ವರ್ಷಕ್ಕೂ ಹಳೆಯದು. ಕ್ಷಮಿಸಿ."

ನಾಲ್ಕನೇ ದಿನ ಉತ್ತರ ಬಂತು,
ರೋಸಾರಿಯೋ ಊರಿನ ಸ್ವಯಂಸೇವಕಿ ಗ್ರಿಸೆಲ್ದಾಳಿಂದ.
ಆಕೆಗೂ ಪುಸ್ತಕ ಹಿಡಿಯಲು ಕೈ ಬಾರದಂತೆ,
ಗದ್ದದಿಂದ ಕೀಲಿ ಒತ್ತಿ ಬರೆದಿದ್ದಾಳೆ:
"ಮೂಲದಲ್ಲಿ ಇದ್ದದ್ದನ್ನು ನಾವು ತಿದ್ದುವಂತಿಲ್ಲ, ಸ್ವಾಮಿ.
ಕುರಿಗಳು ಹಾರಿಕೊಂಡಿರಲಿ."

ಮಾವನ ಮಂದೆ ನೆನಪಾಯಿತು,
ಉಣ್ಣೆ ಕಳೆದು ಹಗುರಾಗಿ
ಬೇಲಿಯ ಮೇಲಿಂದ ಜಿಗಿಯುತ್ತಿದ್ದದ್ದು.
ಮುಂದಿನ ಪುಟಕ್ಕೆ ಹೋಗು ಅಂದೆ ಮದ್ರಿದಿನವಳಿಗೆ.

ಅರವತ್ತನಾಲ್ಕರಲ್ಲಿ ಇನ್ನೊಂದು ತಪ್ಪಿದೆ.
ಅದನ್ನು ಯಾರಿಗೂ ಹೇಳುವುದಿಲ್ಲ.