ಗೇಟಿನ ಮೊಳೆ

ಕೊರ್ರಾಲ್ ಬಂದರಿನ ಕೆಳಬೀದಿಯಲ್ಲಿ ನಮ್ಮ ಮನೆ.
ಮಲಗಿದರೆ ಕಡಲು ಕೇಳುತ್ತದೆ,
ಎದ್ದರೆ ಕಾಣುತ್ತದೆ.

ಮೂರು ವರ್ಷದಿಂದ ಹೇಳುತ್ತಲೇ ಇದ್ದೇನೆ ಎವರಿಸ್ತೊಗೆ:
ಒಂದು ಚೀಲ ಕಟ್ಟಿಡೋಣ.
ನೀರು, ಟಾರ್ಚು, ನಿನ್ನ ಬಿ.ಪಿ. ಮಾತ್ರೆ,
ಎರಡು ಸೇರು ಹುರಿಹಿಟ್ಟು.
ಅವನು ಬಲೆ ಹೆಣೆಯುತ್ತ
ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ.
ತೀರಾ ಕಾಡಿದರೆ ಒಂದೇ ಮಾತು:
"ಕಡಲು ನಿನ್ನ ಟಾರ್ಚು ನೋಡಿ ಹೆದರುತ್ತದೆಯೇ?"

ಪುರಸಭೆಯ ಹುಡುಗಿ ಕೊಟ್ಟ ಪಟ್ಟಿಯನ್ನು
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.
ಅದರ ಬೆನ್ನಿನಲ್ಲಿ ಇಸ್ಪೀಟಿನ ಲೆಕ್ಕ ಬರೆದ.
ಹುಟ್ಟುಹಬ್ಬಕ್ಕೆ ಕೈಯಲ್ಲಿ ತಿರುಗಿಸುವ ರೇಡಿಯೊ ಕೊಟ್ಟೆ;
ಫುಟ್‌ಬಾಲ್ ಕೇಳಿದ,
ಚೆನ್ನಾಗಿದೆ ಅಂದ.

ಕೊನೆಗೆ ನಾನೊಬ್ಬಳೇ ಕಟ್ಟಿದೆ.
ಮಗಳ ಹಳೆಯ ಶಾಲೆಚೀಲ, ಒಂದು ಪಟ್ಟಿ ಹರಿದಿತ್ತು,
ಹೊಲಿದೆ.
ಮಂಚದ ಕೆಳಗೆ, ನನ್ನ ಮಗ್ಗುಲಿಗೆ, ತಳ್ಳಿಟ್ಟೆ.

ಮೊನ್ನೆ ಮಂಗಳವಾರ ರಾತ್ರಿ ಸಣ್ಣದೊಂದು ನಡುಕ.
ಲೋಟಗಳು ಪಿಸುಗುಟ್ಟಿದವು, ಅಷ್ಟೇ.
ಬರಿಗಾಲಲ್ಲಿ ಅಂಗಳಕ್ಕೆ ಓಡಿದೆವು.
"ಅಯ್ಯೋ, ಚೀಲ!" ಅಂತ ನಾನು ತಿರುಗಿದ್ದೇ ತಡ
ಮುಂಗೈ ಹಿಡಿದ ಎವರಿಸ್ತೊ.
ನಲವತ್ತೊಂದು ವರ್ಷದಲ್ಲಿ ಹಾಗೆ ಹಿಡಿದಿರಲಿಲ್ಲ.
ಬೆಳಿಗ್ಗೆ ನೋಡಿದರೆ ಐದು ಬೆರಳೂ ಮೂಡಿದ್ದವು.

ಆ ರಾತ್ರಿ, ಕಲ್ಲಿನ ಮೇಲೆ ಕೂತು ಹೇಳಿದ,
ನನ್ನ ಕಡೆ ನೋಡದೆ, ಬಲೆಗೆ ಹೇಳುವ ಹಾಗೆ:
ಅರವತ್ತನೇ ಇಸವಿ. ಅವನಿಗೆ ಆರು ವರ್ಷ.
ಗುಡ್ಡ ಅರ್ಧ ಏರಿಯಾಗಿತ್ತು.
"ಗಂಟು ಅಲ್ಲೇ ಉಳೀತು, ಈಗ ಬಂದೆ" ಅಂದಳು ಅಮ್ಮ.
ಗಂಟಿನಲ್ಲಿ ಇದ್ದದ್ದು
ಹುರಿಹಿಟ್ಟು, ಕಂಬಳಿ, ಅವನ ಉಣ್ಣೆಯ ಟೋಪಿ.
ಜಾಣೆ ಅವಳು. ಎಲ್ಲ ಮೊದಲೇ ಕಟ್ಟಿಟ್ಟಿದ್ದಳು.

ನಾನು ಏನೂ ಅನ್ನಲಿಲ್ಲ.
ಮೂರು ವರ್ಷ ಆಡಿದ ಮಾತುಗಳೆಲ್ಲ
ಒಂದೊಂದೇ ಬಂದು ಎದುರಿಗೆ ಕೂತವು.

ಬುಧವಾರ ಬೆಳಿಗ್ಗೆ ಸುತ್ತಿಗೆಯ ಸದ್ದು.
ಗೇಟಿನ ಕಂಬಕ್ಕೆ, ಹೊರಗಡೆಗೆ, ಒಂದು ಮೊಳೆ.
ಅದಕ್ಕೆ ಚೀಲ; ನೆನೆಯದಂತೆ
ದೋಣಿಯ ಟಾರ್ಪಾಲಿನ ತುಂಡು.
"ಓಡುವ ದಾರಿಯಲ್ಲಿರಬೇಕು," ಅಂದ.
"ಸಿಕ್ಕರೆ ಎತ್ತಿಕೋ. ಸಿಗದಿದ್ದರೆ ಬಿಡು."
ಕಳ್ಳರು ಒಯ್ದರೆ? ಅಂದೆ.
"ಒಯ್ಯಲಿ. ಹಿಟ್ಟು ತಾನೇ."

ಆಮೇಲೆ ಪಟ್ಟಿ ಕಿತ್ತು, ಕನ್ನಡಕ ಹಾಕಿ ಕೂತ.
ಟಾರ್ಚಿನ ಸೆಲ್ಲು ತಪ್ಪು ಸೈಜು ಅಂತ ಬೈದ.
ಮಾತ್ರೆ ಎಣಿಸಿದ.
ನಾಯಿಗೆ ಏನಿಟ್ಟಿದ್ದೀ ಅಂತ ಕೇಳಿದ.

ನಾಯಿಯನ್ನು ನಾನು ಮರೆತೇಬಿಟ್ಟಿದ್ದೆ.